ಎರಡು ಮಾರಿಗೆ ಒಂದು ಗೇಣು

ಮಹಾಲಾ ಲಾರ್ಟರ್ ಬೆಳಗ್ಗೆ ಎದ್ದವಳು ಒಲೆ ಹಚ್ಚುವುದಕ್ಕೆ ಮೊದಲು ಹಿತ್ತಲಿನ ಹಗ್ಗದ ಕೋಣೆಗೆ ಹೋಗುತ್ತಿದ್ದಳು. ಡಾಂಬರು ಬಳಿದ ಹಲಗೆ ಗೋಡೆಗೆ ಬೆನ್ನು ಕೊಟ್ಟು ನಿಂತು ಎರಡೂ ತೋಳು ಚಾಚುತ್ತಿದ್ದಳು. ಗೋಡೆಯ ಉದ್ದನೆಯ ಹಲಗೆಯೊಂದರಲ್ಲಿ ಆ ಕಡೆಗೊಂದು, ಈ ಕಡೆಗೊಂದು ಹಿತ್ತಾಳೆ ಮೊಳೆ. ಎರಡು ಕೈಗಳ ನಡುಬೆರಳಿನ ತುದಿ ಎರಡು ಮೊಳೆಗಳಿಗೆ ತಾಗಿದರೆ ಅದು ಒಂದು ಮಾರು, ಸರಿಯಾಗಿ ಆರು ಅಡಿ. ತಾಗಿತೆಂದು ಗೊತ್ತಾದ ಮೇಲೆ ಕಣ್ಣು ಮುಚ್ಚಿ, "ಸ್ವಾಮೀ, ಇವತ್ತೂ ನನ್ನ ಅಳತೆ ತಪ್ಪದಿರಲಿ" ಎಂದು ಹೇಳಿಕೊಂಡು ಒಲೆಯ ಕಡೆಗೆ ತಿರುಗುತ್ತಿದ್ದಳು. ಜ್ವರ ಬಂದ ದಿನವೂ ಇದು ತಪ್ಪಿದ್ದಿಲ್ಲ. ಪಕ್ಕದ ಮನೆಯ ಹೆಂಗಸರು ಬೇಲಿಯಾಚೆಯಿಂದ ಅವಳನ್ನು ಕಂಡು, "ಮಹಾಲಾ ಶಿಲುಬೆ ಏರಿದ್ಲು, ಏಳ್ರೇ, ಬೆಳಗಾಯ್ತು" ಎಂದು ನಗುತ್ತಿದ್ದರು.

ಆ ಮೊಳೆಗಳನ್ನು ಹೊಡೆದವನು ಅವಳ ಅಪ್ಪ. ಇಂಗ್ಲೆಂಡಿನ ಮೂಡಣ ದಂಡೆಯ ಹೋಲ್ನೆಸ್ ಎಂಬ ಬೆಸ್ತರ ಊರಿನಲ್ಲಿ ಅವನದು ನೀರಿನ ಆಳ ಅಳೆಯುವ ಹಗ್ಗ ಕಟ್ಟುವ ಕಸುಬು. ಮಗಳು ಹತ್ತೊಂಬತ್ತು ತುಂಬಿ ಊರಿನ ಗಂಡಸರ ತಲೆಗಿಂತ ಮೇಲೆ ಬೆಳೆದು ನಿಂತಾಗ, ಬಂದರಿನ ಅಳತೆಗೋಲು ತಂದು ಅವಳ ತೋಳುಗಳನ್ನು ಅಳೆದು ನೋಡಿದ್ದ. ಕೂದಲೆಳೆಯಷ್ಟೂ ಹೆಚ್ಚಿಲ್ಲ, ಕಡಿಮೆಯಿಲ್ಲ. "ದೇವರು ನಿನ್ನನ್ನ ಅಳತೆ ಹಿಡಿದೇ ಮಾಡಿದಾನೆ ಮಗಳೇ, ಮದುವೆಗೆ ಅಂತ ಅಲ್ಲ, ಹಗ್ಗಕ್ಕೆ ಅಂತ" ಎಂದು ನಕ್ಕಿದ್ದ. ಅವಳಿಗೆ ಮದುವೆಯಾಗಲಿಲ್ಲ. ಅಪ್ಪ ಸತ್ತ ಮೇಲೆ ಹಗ್ಗದ ಕೆಲಸ ಅವಳ ಪಾಲಿಗೆ ಬಂತು.

ಆ ಕಡಲಿನಲ್ಲಿ ಬಂಡೆಯ ಭಯವಿಲ್ಲ, ಮರಳಿನ ಭಯ. ನೀರು ಚಹಾದಂತೆ ಕಂದು, ತಳ ಕಾಣುವುದಿಲ್ಲ. ತಳದ ಮರಳು ಒಂದು ಚಳಿಗಾಲ ಇದ್ದ ಕಡೆ ಮುಂದಿನ ಚಳಿಗಾಲ ಇರುವುದಿಲ್ಲ. ಬಂದರಿನ ಬಾಯಿಗೆ ಅಡ್ಡ ಮಲಗಿದ ದಿಬ್ಬಕ್ಕೆ 'ಮುದುಕಿ' ಎಂದೇ ಹೆಸರು. ದೋಣಿಗಳು ಕುರುಡರಂತೆ ತಡವಿಕೊಂಡು ಬರಬೇಕು. ಸೀಸದ ಗುಂಡು ಕಟ್ಟಿದ ಹಗ್ಗವನ್ನು ಮುಂದಕ್ಕೆ ಬೀಸಿ ಎಸೆದು, ಗುಂಡು ತಳ ಮುಟ್ಟಿದಾಗ ನೀರಿನ ಮಟ್ಟಕ್ಕೆ ಯಾವ ಗುರುತು ಬಂತೆಂದು ನೋಡಿ ಕೂಗಿ ಹೇಳುವವನೊಬ್ಬ ದೋಣಿಯ ಮೂತಿಯ ಬಳಿ ನಿಂತಿರುತ್ತಾನೆ. ಎರಡನೆಯ ಮಾರಿಗೆ ತೊಗಲಿನ ಎರಡು ಬಾಲ, ಮೂರನೆಯದಕ್ಕೆ ಮೂರು, ಐದಕ್ಕೆ ಬಿಳಿ ನಾರುಬಟ್ಟೆ, ಏಳಕ್ಕೆ ಕೆಂಪು ಉಣ್ಣೆ. ಕತ್ತಲಲ್ಲಿ ಕಣ್ಣಿಗೆ ಕಾಣದಿದ್ದರೆ ತುಟಿಗೆ ಸೋಕಿಸಿ ಗುರುತು ಹಿಡಿಯಬೇಕು. ಈ ಬಾಲಗಳನ್ನೂ ಬಟ್ಟೆಗಳನ್ನೂ ಅಳತೆ ತಪ್ಪದಂತೆ ಹಗ್ಗಕ್ಕೆ ಹೊಲಿಯುವುದೇ ಮಹಾಲಾಳ ಕೆಲಸ.

ಅಪ್ಪ ಒಂದು ಮಾತು ಹೇಳುತ್ತಿದ್ದ. "ಮಾರು, ನಾವು ಫ್ಯಾದಮ್ ಅಂತೀವಲ್ಲ, ಅದು ಮೊದಲು ಅಳತೆ ಅಲ್ಲ ಮಗಳೇ. ನಮ್ಮ ಹಳಬರ ಬಾಯಲ್ಲಿ ಅದು ತಬ್ಬಿಕೊಳ್ಳೋದು. ಎರಡು ತೋಳೊಳಗೆ ಎಷ್ಟು ಹಿಡಿಸುತ್ತೋ ಅಷ್ಟು. ಆಮೇಲೆ ಅದು ನೀರಿಗೆ ಹೋಯ್ತು, ನೀರಿಂದ ಮನುಷ್ಯರಿಗೆ ಬಂತು. ಒಬ್ಬನ ಮನಸ್ಸಿನ ತಳ ಸಿಕ್ತು ಅನ್ನೋಕೂ ನಾವು ಅದೇ ಮಾತು ಆಡ್ತೀವಿ ನೋಡು. ಆದ್ರೆ ನೀರಿಗೆ ಹಗ್ಗ ಇದೆ. ಮನುಷ್ಯರಿಗೆ ಎಲ್ಲಿದೆ?" ಮಹಾಲಾ ಇದನ್ನು ಕೇಳಿಸಿಕೊಂಡು ಸುಮ್ಮನೆ ಹೊಲಿಯುತ್ತಿದ್ದಳು. ಮನುಷ್ಯರ ಆಳ ನೋಡುವುದು ದೇವರ ಕೆಲಸ, ತನ್ನದು ಹಗ್ಗ ಎಂದುಕೊಂಡವಳು ಅವಳು.

ಅವಳಿಗೆ ಐವತ್ತೊಂದಾಗಿದ್ದಾಗ, ನವೆಂಬರಿನ ಒಂದು ಶನಿವಾರ ಮಧ್ಯಾಹ್ನ, 'ಎಸ್ತರ್' ದೋಣಿಯ ಯಜಮಾನ ರೂಬೆನ್ ಗುಡರಮ್ ಬಂದ. ಅವನ ಹಳೆಯ ಹಗ್ಗ ಲಂಗರಿಗೆ ಸುತ್ತಿಕೊಂಡು ಹರಿದುಹೋಗಿತ್ತು. ರೂಬೆನ್ ಪ್ರಾರ್ಥನೆ ಮನೆಯ ಬೀಗದ ಕೈ ಇಟ್ಟುಕೊಂಡವನು, ಭಾನುವಾರ ನಿಂತು ಬೈಬಲ್ ಓದುವವನು. ಅವನ ಹೆಂಡತಿ ಡಾರ್ಕಸ್ ಮಹಾಲಾಳಿಗೆ ಚಿಕ್ಕಂದಿನ ಗೆಳತಿ. ಮೂವತ್ತು ವರ್ಷಗಳಿಂದ ಒಂದೇ ಬೆಂಚಿನಲ್ಲಿ ಕೂತು ಒಂದೇ ಹಾಡಿನ ಪುಸ್ತಕ ಹಿಡಿದು ಹಾಡುವವರು ಅವರಿಬ್ಬರು.

"ಹಗ್ಗ ಬೇಕಲ್ಲ ಮಹಾಲಾ. ಸೋಮವಾರ ಬೆಳಗಿನ ನೀರಿಳಿತಕ್ಕೆ ಹೊರಡೋದು."

"ಇವತ್ತು ಶನಿವಾರ ಕಣೋ. ಹೊಸ ನಾರು ನಾಲ್ಕು ದಿನ ಉಪ್ಪುನೀರಲ್ಲಿ ಬಿದ್ದಿರಬೇಕು. ಕುಗ್ಗೋದೆಲ್ಲ ಕುಗ್ಗಿ ಮುಗಿದ ಮೇಲೆ ಒದ್ದೆಯಲ್ಲೇ ಅಳೀಬೇಕು. ಅಷ್ಟು ದಿನ ಇಲ್ಲ, ಈಗ ನೆನೆಹಾಕಿ ಒಂದು ದಿನವಾದ್ರೂ ಬಿಟ್ರೆ ನಾಳೆ ಸಂಜೆ ಹೊಲಿಯೋಕೆ ಕೂರಬೇಕಾಗುತ್ತೆ."

"ನಾಳೆನಾ?"

"ಹ್ಞೂಂ. ನಾಳೆ."

ನಾಳೆ ಭಾನುವಾರ, ಆ ಊರಿನಲ್ಲಿ ಯಾರೂ ಕೆಲಸ ಮುಟ್ಟದ ದಿನ.

"ಬೆಳಗ್ಗೆ ಅಲ್ಲಿ ನಿಂತು ದೇವರ ದಿನ ಪವಿತ್ರವಾಗಿಡಿ ಅಂತ ಓದೋದು, ಸಂಜೆ ನಿನ್ನ ಕೈಲಿ ಕೆಲಸ ಮಾಡಿಸೋದು. ಅದು ನನ್ನಿಂದಾಗಲ್ಲ ತಾಯಿ" ಎಂದ ರೂಬೆನ್. "ಈಗಲೇ ಕಟ್ಟು. ಎಷ್ಟು ಕುಗ್ಗುತ್ತೋ ಅಂದಾಜು ಮಾಡಿ ಅಷ್ಟು ಜಾಸ್ತಿ ಬಿಡು. ನಿಮ್ಮಪ್ಪ ಬಿಡ್ತಿರಲಿಲ್ವಾ?"

"ಅಪ್ಪ ಬಿಡ್ತಿದ್ದದ್ದು ಹಳೇ ಹಗ್ಗಕ್ಕೆ."

"ಹಗ್ಗ ಹಗ್ಗನೇ ಕಣೆ. ನಿನ್ನ ಕೈ ನನಗೆ ಗೊತ್ತಿಲ್ವಾ."

ಮಹಾಲಾ ಒಣ ಹಗ್ಗವನ್ನು ಮೊಳೆಯಿಂದ ಮೊಳೆಗೆ ಎಳೆದು, ಪ್ರತಿ ಮಾರಿಗೆ ಒಂದು ಹೆಬ್ಬೆರಳು ಜಾಸ್ತಿ ಬಿಟ್ಟು ಗುರುತು ಕಟ್ಟಿದಳು. ಸೂರ್ಯ ಮುಳುಗುವುದರೊಳಗೆ ಕೆಲಸ ಮುಗಿಯಿತು. ಮರುದಿನ ಪ್ರಾರ್ಥನೆ ಮನೆಯಲ್ಲಿ ಡಾರ್ಕಸಳ ಪಕ್ಕ ನಿಂತು ಹಾಡುವಾಗ ಅವಳ ಮನಸ್ಸು ಹಗುರವಾಗಿತ್ತು. ದೇವರ ದಿನ ಮುರಿಯುವ ಆಮಿಷವೊಂದು ಬಂದಿತ್ತು, ತಾನು ಬೀಳಲಿಲ್ಲ ಎಂದು ಅವಳಿಗೆ ಅನಿಸಿತ್ತು.

ಗುರುವಾರ ಮಧ್ಯಾಹ್ನ 'ಎಸ್ತರ್' ತಿರುಗಿ ಬರುವಾಗ ಮಂಜು ಬಿದ್ದಿತ್ತು. ತುಂಬಿದ ದೋಣಿಗೆ ಹನ್ನೊಂದು ಅಡಿ ನೀರು ಬೇಕು. ಮುದುಕಿಯ ಮೇಲೆ ಎರಡು ಮಾರು, ಎಂದರೆ ಹನ್ನೆರಡು ಅಡಿ ಇದ್ದರೆ ದಾಟಬಹುದು. ಮೂತಿಯ ಬಳಿ ನಿಂತು ಗುಂಡು ಎಸೆಯುತ್ತಿದ್ದವನು ಅಮೋಸ್ ಮಾಬ್ಸ್, ಇಪ್ಪತ್ತೆಂಟರ ಒಂಟಿ ಆಳು. "ಎರಡು, ತುಂಬು ಎರಡು" ಎಂದು ಅವನು ಕೂಗಿದ. ರೂಬೆನ್ ಚುಕ್ಕಾಣಿ ತಿರುಗಿಸಿದ. ಅಲೆಯೊಂದು ದೋಣಿಯನ್ನು ಎತ್ತಿತು, ಅಲೆ ಇಳಿದಾಗ ದೋಣಿಯ ತಳ ಮರಳಿಗೆ ಬಡಿಯಿತು. ಆಮೇಲೆ ಏಳಲಿಲ್ಲ. ಒಂದು ಗಂಟೆಯೊಳಗೆ ಹಲಗೆಗಳು ಬಿಚ್ಚಿಕೊಂಡವು. ಐದು ಜನರಲ್ಲಿ ನಾಲ್ವರು ಹೋದರು, ರೂಬೆನ್ ಸೇರಿ. ಅಮೋಸ್ ತನ್ನನ್ನು ಒಂದು ಮುಚ್ಚುಹಲಗೆಗೆ ಕಟ್ಟಿಕೊಂಡು ತೇಲಿ ದಡ ಸೇರಿದ. ಕಟ್ಟಿಕೊಳ್ಳಲು ಕೈಗೆ ಸಿಕ್ಕಿದ್ದು ಆ ಆಳದ ಹಗ್ಗವೇ.

ಒಂಬತ್ತನೆಯ ದಿನ ಪಟ್ಟಣದಿಂದ ಅಧಿಕಾರಿಯೊಬ್ಬ ಬಂದು ವಿಚಾರಣೆ ನಡೆಸಿದ. ಊರೆಲ್ಲ ಸೇರಿತ್ತು.

"ಹಗ್ಗ ನೋಡಿ ಕೂಗಿದೆಯಾ, ನೋಡದೆ ಕೂಗಿದೆಯಾ?"

"ನೋಡಿ ಸ್ವಾಮಿ. ಮುಟ್ಟಿ ಕೂಡ. ತೊಗಲಿನ ಎರಡು ಬಾಲ ನೀರಿಗೆ ತಾಗ್ತಿತ್ತು."

"ಎರಡು ಮಾರು ನೀರಿದ್ದಿದ್ದರೆ ದೋಣಿ ತಳ ಬಡಿಯುತ್ತಿರಲಿಲ್ಲವಲ್ಲ?"

"ಬಾಲ ತಾಗ್ತಿತ್ತು ಸ್ವಾಮಿ" ಎಂದು ಅಮೋಸ್ ಮತ್ತೆ ಅದನ್ನೇ ಹೇಳಿದ. ಹಗ್ಗಕ್ಕೆ ಗುರುತು ಕಟ್ಟಿದವರು ಯಾರು ಎಂದು ಅಧಿಕಾರಿ ಕೇಳಿದ. "ಮಹಾಲಾ ಲಾರ್ಟರ್" ಎಂದರು. ಹೇಳಿದವರ ಮುಖ, ಸುತ್ತ ಕೂತವರ ಮುಖ ನೋಡಿ, ಆ ಹೆಸರಿನ ಮೇಲೆ ಯಾರಿಗೂ ಅನುಮಾನವಿಲ್ಲವೆಂದು ತಿಳಿದು ಅಧಿಕಾರಿ ಆ ಮಾತನ್ನು ಅಲ್ಲಿಗೇ ಬಿಟ್ಟು ಮುಂದಕ್ಕೆ ಹೋದ. ಮೂರನೆಯ ಬೆಂಚಿನಲ್ಲಿ ಮಹಾಲಾ ಕೂತಿದ್ದಳು. ಡಾರ್ಕಸಳ ಕೈ ಅವಳ ಕೈಯೊಳಗಿತ್ತು. ಎದ್ದು ನಿಲ್ಲಬೇಕು ಎಂದುಕೊಂಡಳು. ಹೆಬ್ಬೆರಳು ಜಾಸ್ತಿ ಬಿಟ್ಟಿದ್ದೇನಲ್ಲ ಎಂದುಕೊಂಡಳು. ಏಳಲಿಲ್ಲ. ತೀರ್ಪು ಬಂತು: ಆಳ ಕೂಗಿದವನ ಅಜಾಗ್ರತೆ.

ಆಮೇಲೆ ಅಮೋಸನಿಗೆ ಹೆಸರೇ ಬದಲಾಯಿತು. ಬೆಳಗ್ಗೆ ದೋಣಿಗೆ ಆಳು ಕರೆಯುವ ಹೊತ್ತಿಗೆ ಅವನೂ ದಕ್ಕೆಗೆ ಬಂದು ನಿಲ್ಲುತ್ತಿದ್ದ.

"ಬಂದ ನೋಡ್ರಪ್ಪಾ ಎರಡು ಮಾರು."

"ಏಯ್ ಎರಡು ಮಾರು, ಈ ಬಕೆಟ್ಟಲ್ಲಿ ಎಷ್ಟು ಆಳ ಇದೆ ಹೇಳು ನೋಡೋಣ."

"ಅವನ್ನ ಕೇಳಬೇಡ ಮಾರಾಯ, ನೀನು ಬಕೆಟ್ಟಲ್ಲೇ ಮುಳುಗಿಹೋಗ್ತೀಯ."

ಅವನು ನಗುವವನಂತೆ ಮುಖ ಮಾಡಿಕೊಂಡು ನಿಂತಿರುತ್ತಿದ್ದ. ದೋಣಿಗಳು ಹೋದ ಮೇಲೆ ಒಬ್ಬನೇ ತಿರುಗಿ ಹೋಗುತ್ತಿದ್ದ. ಕುಡಿದಿದ್ದ ಎಂದು ಒಬ್ಬರು ಸೇರಿಸಿದರು, ಅದೂ ನಿಜವೆಂದೇ ಆಯಿತು. ಡಾರ್ಕಸ್ ಅವನು ಎದುರು ಬಂದರೆ ರಸ್ತೆಯ ಆ ಬದಿಗೆ ದಾಟಿ ನಿಂತು, ಅವನು ಮರೆಯಾಗುವವರೆಗೆ ಕಣ್ಣು ಕೀಳದೆ ನೋಡುತ್ತಿದ್ದಳು.

ಹೀಗೆ ಐದು ವಾರ. ಮಹಾಲಾ ದಿನವೂ ಮೊಳೆಗಳ ನಡುವೆ ನಿಲ್ಲುತ್ತಿದ್ದಳು. ಬೆರಳುಗಳು ತಾಗುತ್ತಿದ್ದವು, ಪ್ರಾರ್ಥನೆ ಮಾತ್ರ ಬರುತ್ತಿರಲಿಲ್ಲ. ಒಂದು ಬುಧವಾರ ದಕ್ಕೆಯಲ್ಲಿ ಅಮೋಸ್ ಕಾಣಲಿಲ್ಲ. ಅವಳು ಅವನ ಮನೆಗೆ ಹೋದಳು. ಅವನು ತಣ್ಣಗಾದ ಒಲೆಯ ಮುಂದೆ ಕೂತಿದ್ದ. ಮೇಜಿನ ಮೇಲೆ ಒಂದು ಬಟ್ಟೆಯ ಗಂಟು. ಕಲ್ಲಿದ್ದಲು ಹಡಗುಗಳ ಬಂದರಿಗೆ ಹೋಗುತ್ತೇನೆ, ಅಲ್ಲಿ ಯಾರಿಗೂ ನನ್ನ ಗುರುತಿಲ್ಲ ಎಂದ.

"ಆ ಹಗ್ಗ ಎಲ್ಲಿದೆ ಅಮೋಸ್?"

"ಯಾಕೆ ಮಹಾಲಕ್ಕ? ನನ್ನನ್ನ ನೇತುಹಾಕೋಕಾ?"

"ಬಾಯಿ ಮುಚ್ಚು. ಎಲ್ಲಿದೆ?"

ಅವನು ಮಂಚದ ಕೆಳಗೆ ತೋರಿಸಿದ. "ಮುಟ್ಟೋಕಾಗಲ್ಲ ನನಗೆ. ಸುಡೋಣ ಅಂದ್ರೆ ಅದೂ ಆಗಲ್ಲ, ಅದೇ ಅಲ್ವಾ ನನ್ನನ್ನ ದಡಕ್ಕೆ ತಂದದ್ದು." ಗಂಟನ್ನು ಬಿಗಿ ಮಾಡುತ್ತಾ ಮತ್ತೆ ಅವನೇ ಹೇಳಿದ. "ಎರಡು ಬಾಲ ಮುಟ್ಟಿದ್ದೆ ಮಹಾಲಕ್ಕ. ಆದ್ರೆ ಈಗೀಗ ನನಗೇ ಅನುಮಾನ. ಊರಿಗೆ ಊರೇ ಹೇಳುವಾಗ ಸುಳ್ಳಾಗುತ್ತಾ? ನೋಡದೇನೇ ಕೂಗಿಬಿಟ್ನೇನೋ ಅಂತ ಅನಿಸುತ್ತೆ."

ಈ ಮಾತು ಅವಳನ್ನು ಮುರಿಯಿತು. ಅವನ ಕೆಲಸ ಹೋಯಿತು, ಹೆಸರು ಹೋಯಿತು ಎಂದು ಅವಳಿಗೆ ಗೊತ್ತಿತ್ತು. ಅವನ ಕೈ ಮುಟ್ಟಿದ್ದನ್ನು ಅವನೇ ನಂಬದ ಹಾಗಾಗಿದೆ ಎಂದು ಗೊತ್ತಿರಲಿಲ್ಲ.

"ಸೋಮವಾರದ ತನಕ ಎಲ್ಲಿಗೂ ಹೋಗಬೇಡ" ಎಂದು ಹೇಳಿ ಹಗ್ಗ ತಂದು ಉಪ್ಪುನೀರಿನ ತೊಟ್ಟಿಯಲ್ಲಿ ಮುಳುಗಿಸಿದಳು. ನಾಲ್ಕು ದಿನ ತುಂಬಿದ್ದು ಭಾನುವಾರ ಬೆಳಗ್ಗೆ. ಇನ್ನೊಂದು ದಿನ ಕಾಯಬಹುದಿತ್ತು. ಕಾಯಲಿಲ್ಲ. ಹುಟ್ಟಿದ ಮೇಲೆ ಮೊದಲ ಸಲ ಮಹಾಲಾ ದೇವರ ದಿನದಲ್ಲಿ ಹಗ್ಗ ಮುಟ್ಟಿದಳು. ಗುಂಡಿನ ತುದಿಯನ್ನು ಎಡ ಮೊಳೆಗೆ ಹಿಡಿದು ಬಲ ಮೊಳೆಯವರೆಗೆ ಎಳೆದಳು, ಅಲ್ಲಿಂದ ಮತ್ತೆ ಒಂದು ಸಲ. ತೊಗಲಿನ ಎರಡು ಬಾಲ ಬಂದು ನಿಲ್ಲಬೇಕಾದದ್ದು ಮೊಳೆಯ ತಲೆಯ ಮೇಲೆ. ಅವು ಈಚೆಗೇ ನಿಂತವು. ನಡುವಿನ ಜಾಗದ ಮೇಲೆ ಕೈ ಇಟ್ಟು ನೋಡಿದಳು. ಹೆಬ್ಬೆರಳಿನಿಂದ ಕಿರುಬೆರಳಿಗೆ, ಸರಿಯಾಗಿ ಒಂದು ಗೇಣು.

ಹನ್ನೆರಡು ಅಡಿಯಲ್ಲಿ ಒಂದು ಗೇಣು ಹೋದರೆ ದೋಣಿಯ ತಳಕ್ಕೂ ಮರಳಿಗೂ ನಡುವೆ ನಾಲ್ಕು ಬೆರಳೂ ಉಳಿಯುವುದಿಲ್ಲ. ಅವಳು ಹಗ್ಗವನ್ನು ಮತ್ತೆ ತೊಟ್ಟಿಗೆ ಇಳಿಸಿದಳು. ಪ್ರಾರ್ಥನೆಯ ಗಂಟೆ ಬಡಿದಾಗ ಟೊಪ್ಪಿಗೆ ಹಾಕಿಕೊಂಡು ಹೋದಳು.

ಪ್ರಾರ್ಥನೆ ಮನೆಯಲ್ಲಿ ಉಪದೇಶ ಮುಗಿದ ಮೇಲೆ, ದೇವರು ತಮ್ಮೊಳಗೆ ಏನು ಮಾಡಿದನೆಂದು ಯಾರು ಬೇಕಾದರೂ ಎದ್ದು ಹೇಳಬಹುದು. ಮಹಾಲಾ ಯಾವತ್ತೂ ಎದ್ದವಳಲ್ಲ. ಅವತ್ತು ಎದ್ದಳು.

"ಎಸ್ತರ್ ದೋಣಿಯ ಹಗ್ಗ ನಾನು ಒಣಗಿದ್ದಾಗಲೇ ಕಟ್ಟಿದೆ. ಭಾನುವಾರ ಕೆಲಸ ಮಾಡಬಾರದು ಅಂತ ಶನಿವಾರವೇ ಕಟ್ಟಿ ಕೊಟ್ಟೆ. ನೀರು ಕುಡಿದು ಅದು ಕುಗ್ಗಿದೆ. ಅಮೋಸ್ ಕೂಗಿದ್ದು ಸರಿ. ನನ್ನ ಹಗ್ಗ ಸುಳ್ಳು."

ಪಾದ್ರಿ ಮೆಲ್ಲಗೆ, "ಸಹೋದರೀ, ದುಃಖ ಜಾಸ್ತಿಯಾದಾಗ ಮನಸ್ಸು ತನ್ನ ಮೇಲೇ ತಪ್ಪು ಹೊರಿಸಿಕೊಳ್ಳುತ್ತೆ. ಕೂತ್ಕೋ" ಎಂದರು.

"ಅಮೋಸನ್ನ ಕಂಡು ಅಯ್ಯೋ ಅನಿಸಿರಬೇಕು" ಎಂದು ಹಿಂದಿನಿಂದ ಯಾರೋ ಹೆಂಗಸು.

ಎಲ್ಲರಿಗಿಂತ ಹಿರಿಯ ಯಜಮಾನ ಸೈಲಸ್ ಅಟ್ಟಿಂಗ್ ಮಾತ್ರ ಎದ್ದು ನಿಂತ. "ಮಹಾಲಾ, ಈ ಊರಿನ ಏಳು ದೋಣೀಲೂ ಇರೋದು ನಿನ್ನ ಹಗ್ಗವೇ. ನೀನೇ ಸುಳ್ಳು ಅಂದ್ಬಿಟ್ರೆ ನಾಳೆ ನಾವು ಯಾವುದನ್ನ ನಂಬಿ ಹೋಗೋದು? ಒಬ್ಬ ಆಳು ತಪ್ಪು ಮಾಡಿದ, ಮುಗೀತು. ಅದನ್ನ ಅಲ್ಲೇ ಬಿಡು."

"ಹಾಗಾದ್ರೆ ಏಳೂ ತನ್ನಿ" ಎಂದಳು ಮಹಾಲಾ. "ನಾಳೆ ಬೆಳಗ್ಗೆ ದಕ್ಕೆಗೆ."

ಸೋಮವಾರ ಅವಳು ಮೊಳೆಗಳಿದ್ದ ಹಲಗೆಯನ್ನೇ ಗೋಡೆಯಿಂದ ಕಿತ್ತು, ಬೆನ್ನ ಮೇಲೆ ಹೊತ್ತುಕೊಂಡು ದಕ್ಕೆಗೆ ಬಂದಳು. ಈ ಸಲ ಶಿಲುಬೆಯ ಮಾತನ್ನು ಯಾರೂ ಆಡಲಿಲ್ಲ. ಯಜಮಾನರು ಒಬ್ಬೊಬ್ಬರಾಗಿ ಒದ್ದೆ ಹಗ್ಗ ತಂದು ಕೊಟ್ಟರು. ಅವಳು ಎಳೆದು ತೋರಿಸಿದಳು. ಎರಡು ಬಾಲ ಮೊಳೆಯ ಮೇಲೆ, ಮೂರು ಬಾಲ ಮೊಳೆಯ ಮೇಲೆ. ಏಳು ಹಗ್ಗಗಳೂ ದಾರದಷ್ಟೂ ಆಚೀಚೆ ಇರಲಿಲ್ಲ. ಜನರ ಮುಖದಲ್ಲಿ ಜೀವ ಬಂತು. ಒಬ್ಬ ನಕ್ಕೂ ಬಿಟ್ಟ. ಆಮೇಲೆ ಅವಳು ತೊಟ್ಟಿಯಿಂದ ಒದ್ದೆಯಲ್ಲೇ ತಂದಿದ್ದ ಎಂಟನೆಯದನ್ನು, 'ಎಸ್ತರ್' ದೋಣಿಯದನ್ನು, ಎಳೆದಳು.

ಸೈಲಸ್ ಹತ್ತಿರ ಬಂದು ಬಾಗಿ, ತನ್ನ ಕೈಯಿಂದಲೇ ಅಳೆದು ನೋಡಿದ. "ಎರಡು ಮಾರಿಗೆ ಒಂದು ಗೇಣು" ಎಂದ. ಅವನು ಮೆಲ್ಲಗೆ ಹೇಳಿದರೂ ಎಲ್ಲರಿಗೂ ಕೇಳಿಸಿತು. ಹಿಂದೆ ನಿಂತಿದ್ದ ಅಮೋಸ್ ತನ್ನ ಬಲಗೈಯನ್ನು ತಿರುಗಿಸಿ ತಿರುಗಿಸಿ ನೋಡಿಕೊಳ್ಳುತ್ತಿದ್ದ. ಸೈಲಸ್ ಅವನ ಕಡೆ ತಿರುಗಿ, "ನಾಳೆ ನನ್ನ ದೋಣಿಗೆ ಬಾ" ಎಂದ. ಯಾರೂ ಅವನ ಕ್ಷಮೆ ಕೇಳಲಿಲ್ಲ. ಮಹಾಲಾಳ ಮುಖವನ್ನು ಯಾರೂ ನೋಡಲಿಲ್ಲ. ಹಗ್ಗಗಳನ್ನು ಸುತ್ತಿಕೊಂಡು ಚದುರಿದರು.

ಮಧ್ಯಾಹ್ನ ಡಾರ್ಕಸ್ ಬಂದಳು. ಒಳಗೆ ಬರಲಿಲ್ಲ, ಹೊಸಿಲ ಆಚೆಯೇ ನಿಂತಳು.

"ರೂಬೆನ್‌ಗೆ ಗೊತ್ತಿತ್ತಾ? ಒಣ ಹಗ್ಗ ಅಂತ?"

ಮಹಾಲಾ ಅವಳ ಮುಖ ನೋಡಿದಳು. ಗಂಡನ ಕರಿ ಕೋಟನ್ನು ಡಾರ್ಕಸ್ ಹೆಗಲಿಗೆ ಹೊದ್ದಿದ್ದಳು, ಅದರ ಗುಂಡಿಯೊಂದನ್ನು ಬೆರಳು ತಿರುವುತ್ತಿತ್ತು.

"ಇಲ್ಲ" ಎಂದಳು ಮಹಾಲಾ. "ನಾನು ಅವನಿಗೆ ಹೇಳಲಿಲ್ಲ."

ಡಾರ್ಕಸ್ ತಲೆಯಾಡಿಸಿದಳು. "ಆ ಹುಡುಗನ ಮೇಲೆ ಸಿಟ್ಟು ಮಾಡಿಕೊಂಡು ಹೇಗೋ ಬೆಳಗ್ಗೆ ಏಳ್ತಿದ್ದೆ ಕಣೆ. ಈಗ ಅದನ್ನೂ ಕಿತ್ಕೊಂಡೆ. ನಿನ್ನ ಮೇಲೆ ಸಿಟ್ಟು ಮಾಡ್ಕೊಳ್ಳೋಣ ಅಂದ್ರೆ ಬರ್ತಿಲ್ಲ. ಏನು ಬರ್ತಿದೆಯೋ ಅದೂ ಗೊತ್ತಾಗ್ತಿಲ್ಲ." ಹೀಗೆ ಹೇಳಿ ಹೋದಳು.

ಮಹಾಲಾ ಎರಡು ತೋಳೂ ಅರ್ಧ ಚಾಚಿದ್ದಳು. ಅದು ಅವಳ ಅರಿವಿಗೆ ಬಂದದ್ದು ಡಾರ್ಕಸ್ ಬೇಲಿ ದಾಟಿದ ಮೇಲೆ.

ಮುಂದಿನ ಭಾನುವಾರ ಡಾರ್ಕಸ್ ಅದೇ ಬೆಂಚಿನಲ್ಲಿ ಕೂತಳು, ಆದರೆ ಆ ತುದಿಗೆ. ನಡುವೆ ಇಬ್ಬರು ಕೂರುವಷ್ಟು ಜಾಗ. ಎಂಟು ವರ್ಷ, ಡಾರ್ಕಸ್ ಸಾಯುವವರೆಗೂ, ಆ ಜಾಗದಲ್ಲಿ ಬೇರೆ ಯಾರೂ ಕೂರಲಿಲ್ಲ. ಹಾಡಿನ ಪುಸ್ತಕ ಇಬ್ಬರ ಕೈಯಲ್ಲೂ ಬೇರೆ ಬೇರೆ. ಏಳು ದೋಣಿಗಳೂ ಒಂದೊಂದಾಗಿ ಹೊಸ ಹಗ್ಗಗಳನ್ನು ದೊಡ್ಡ ಬಂದರಿನಿಂದ ತರಿಸಿಕೊಂಡವು. ಯಾರೂ ಮಹಾಲಾಳಿಗೆ ಒಂದು ಕೆಟ್ಟ ಮಾತು ಆಡಲಿಲ್ಲ, ಹಗ್ಗ ಕಟ್ಟಲು ಹೇಳಲೂ ಇಲ್ಲ. ಅವಳು ಬಲೆ ಹೊಲಿದು ಬದುಕಿದಳು. ಹಲಗೆಯನ್ನು ಗೋಡೆಗೆ ತಿರುಗಿ ಹೊಡೆದಿದ್ದಳು. ಬೆಳಗ್ಗೆ ಒಲೆ ಹಚ್ಚುವ ಮೊದಲು ಅಲ್ಲಿ ನಿಲ್ಲುವುದನ್ನು ಬಿಡಲಿಲ್ಲ. ಪ್ರಾರ್ಥನೆ ಮಾತ್ರ ಬದಲಾಗಿತ್ತು. ನಾಲ್ವರ ಹೆಸರು ಹೇಳುತ್ತಿದ್ದಳು. ಆಮೇಲೆ ಅವತ್ತು ಹೊಸಿಲಲ್ಲಿ ಡಾರ್ಕಸಳಿಗೆ ತಾನು ಆಡಿದ ಒಂದು ಸುಳ್ಳನ್ನು ದೇವರಿಗೆ ನೆನಪು ಮಾಡುತ್ತಿದ್ದಳು, ಕ್ಷಮೆ ಮಾತ್ರ ಕೇಳುತ್ತಿರಲಿಲ್ಲ.

ಡಾರ್ಕಸ್ ತೀರಿಕೊಂಡ ಮರುವರ್ಷದ ಚಳಿಗಾಲ. ಅಮೋಸ್ ಈಗ ಸೈಲಸನ ದೋಣಿಗೆ ಯಜಮಾನ. ಮೀನು ಸಿಕ್ಕ ದಿನ ನಾಲ್ಕು ಹೆರಿಂಗ್ ಮೀನುಗಳನ್ನು ಬಳ್ಳಿಗೆ ಪೋಣಿಸಿ ತಂದು ಅವಳ ಬಾಗಿಲಿಗೆ ತೂಗುಹಾಕಿ ಹೋಗುವುದು ಅವನ ರೂಢಿ. ಅವತ್ತು ಬೇಗ ಬಂದಿದ್ದ. ಹಗ್ಗದ ಕೋಣೆಯ ಬಾಗಿಲು ತೆರೆದಿತ್ತು. ಅರವತ್ತರ ಮಹಾಲಾ ಗೋಡೆಗೆ ಬೆನ್ನು ಕೊಟ್ಟು ನಿಂತಿದ್ದಳು. ಎಡಗೈ ಮೊಳೆಗೆ ತಾಗಿತ್ತು. ಬಲ ಭುಜ ಹಿಡಿದುಹೋಗಿ ಎರಡು ವರ್ಷವಾಗಿತ್ತು, ಆ ಕೈ ಮೊಳೆಗೆ ನಾಲ್ಕು ಬೆರಳು ಈಚೆಗೇ ನಿಂತಿತ್ತು. ಅವಳ ಹಣೆಯಲ್ಲಿ ಬೆವರು.

"ಸಾಕು ಬಿಡಿ ಮಹಾಲಕ್ಕ, ತೋಳು ಕಳಚಿ ಬೀಳುತ್ತೆ."

"ಬೀಳಲ್ಲ. ಮೀನು ಅಲ್ಲಿಡು."

ಅವನು ಮೀನು ಇಟ್ಟ. ಮೂಲೆಯಲ್ಲಿದ್ದ ಅವಳ ಅಪ್ಪನ ಸುತ್ತಿಗೆ ಕಣ್ಣಿಗೆ ಬಿತ್ತು. ಅದನ್ನು ಎತ್ತಿಕೊಂಡು ಹತ್ತಿರ ಬಂದ.

"ಆ ಮೊಳೆ ಕಿತ್ತು ನಾಲ್ಕು ಬೆರಳು ಈಚೆ ಹೊಡೀತೀನಿ. ಒಂದು ನಿಮಿಷದ ಕೆಲಸ. ಇದರಲ್ಲಿ ಈಗ ಯಾರು ಅಳೀತಾರೆ? ನಿಮಗಾದ್ರೂ ತಾಗಿತು ಅಂತ ಸಮಾಧಾನ."

ಮಹಾಲಾ ಕೈ ಇಳಿಸಲಿಲ್ಲ. ಬಲಗಡೆ ತಿರುಗಿ ಮೊಳೆಯನ್ನೂ, ಮೊಳೆಗೂ ತನ್ನ ಬೆರಳಿಗೂ ನಡುವಿನ ಹಲಗೆಯನ್ನೂ ನೋಡಿದಳು.

"ಬೇಡಪ್ಪ" ಎಂದಳು. "ಅದು ಎಲ್ಲಿದೆಯೋ ಅಲ್ಲೇ ಇರ್ಲಿ. ಸುತ್ತಿಗೆ ಮೂಲೇಲಿಡು."